ಮೂರು ಬಾರಿ ಚಾಚಿದ ತೋಳು

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ನಡೆದ ಸಂಗತಿಯಿದು. ಒಂಬತ್ತನೆಯ ತರಗತಿಗೆ ಸತ್ಯವಾನ್ ಸಾವಿತ್ರಿಯರ ಕಥೆಯನ್ನು ಪಾಠ ಮಾಡುತ್ತಿದ್ದೆ. ಯಮನು ಸತ್ಯವಾನನ ಪ್ರಾಣವನ್ನು ಪಾಶದಲ್ಲಿ ಬಿಗಿದು ದಕ್ಷಿಣ ದಿಕ್ಕಿಗೆ ನಡೆದದ್ದು, ಸಾವಿತ್ರಿ ಅವನನ್ನು ಬಿಡದೆ ಹಿಂಬಾಲಿಸಿದ್ದು, ಮಾತಿನಿಂದಲೇ ಅವನ ಮನಸ್ಸನ್ನು ಕರಗಿಸಿ ಕೊನೆಗೆ ಗಂಡನ ಪ್ರಾಣವನ್ನು ಮರಳಿ ಪಡೆದದ್ದು, ಇವನ್ನೆಲ್ಲ ಉತ್ಸಾಹದಿಂದ ವರ್ಣಿಸಿದೆ. ತರಗತಿ ನಿಶ್ಶಬ್ದವಾಗಿತ್ತು. ಪಾಠ ಚೆನ್ನಾಯಿತೆಂದು ನನಗೆ ಒಳಗೊಳಗೇ ಹೆಮ್ಮೆ.

ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಒಬ್ಬ ಹುಡುಗಿ ಮಾತ್ರ ಬಾಗಿಲ ಬಳಿ ನಿಂತಿದ್ದಳು. ಆ ವರ್ಷವೇ ಅವಳ ತಂದೆ ತೀರಿಕೊಂಡಿದ್ದರು. "ಮೇಷ್ಟ್ರೇ, ಸಾವಿತ್ರಿ ಯಮನ ಹಿಂದೆ ಎಷ್ಟು ದೂರ ಹೋದಳು?" ಎಂದು ಕೇಳಿದಳು. "ಬಹಳ ದೂರ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಪ್ಪನನ್ನು ಎತ್ತಿಕೊಂಡು ಹೋಗುವಾಗ ಅವ್ವ ಹೊಸಿಲ ತನಕ ಮಾತ್ರ ಹೋದಳು. ಹೆಂಗಸರು ಸ್ಮಶಾನಕ್ಕೆ ಬರಬಾರದೆಂದು ಅಲ್ಲೇ ನಿಲ್ಲಿಸಿದರು. ಅಜ್ಜಿ ಈಗಲೂ ಅನ್ನುತ್ತಾಳೆ, ನೀನು ಸಾವಿತ್ರಿಯಂಥವಳಾಗಿದ್ದರೆ ನನ್ನ ಮಗ ಉಳಿಯುತ್ತಿದ್ದ ಎಂದು. ಅದು ನಿಜವೇ?"

"ಹಾಗೆಲ್ಲ ಅನ್ನಬಾರದು" ಎಂದು ಹೇಳಿ ಅವಳನ್ನು ಕಳುಹಿಸಿಬಿಟ್ಟೆ. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಒಳ್ಳೆಯ ಕಥೆ ಒಬ್ಬ ನಿರಪರಾಧಿ ಹೆಂಗಸನ್ನು ಹೊಡೆಯುವ ಕೋಲಾಗಬಹುದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಮರಣಾನಂತರದ ಲೋಕವನ್ನು ಕುರಿತ ಕಥೆಗಳನ್ನು ನಾನು ಹುಡುಕಿ ಹುಡುಕಿ ಓದಲು ತೊಡಗಿದ್ದು ಅಂದಿನಿಂದ.

ಮೊದಲು ನನಗಿದ್ದ ಒಂದು ತಪ್ಪು ತಿಳಿವಳಿಕೆ ಹೋಯಿತು. ಕೆಳಗಿನ ಲೋಕವೆಂದರೆ ನರಕವೆಂದೇ ನಾನು ಭಾವಿಸಿದ್ದೆ. ನಮ್ಮ ಪುರಾಣಗಳಲ್ಲಿ ಅವೆರಡೂ ಬೇರೆ ಬೇರೆ. ಅತಲದಿಂದ ಪಾತಾಳದವರೆಗಿನ ಏಳು ಲೋಕಗಳು ನಾಗರೂ ದಾನವರೂ ವಾಸಿಸುವ ಸಮೃದ್ಧ ಸ್ಥಳಗಳು. ಪಾತಾಳವನ್ನು ನೋಡಿ ಬಂದ ನಾರದರು ಅದು ಸ್ವರ್ಗಕ್ಕಿಂತಲೂ ರಮಣೀಯವೆಂದು ಹೊಗಳಿದರೆಂದು ವಿಷ್ಣುಪುರಾಣ ಹೇಳುತ್ತದೆ. ವಾಮನನಿಂದ ಕೆಳಗೆ ತುಳಿಯಲ್ಪಟ್ಟ ಬಲಿಚಕ್ರವರ್ತಿ ಇರುವುದು ಸುತಲದಲ್ಲಿ. ವರ್ಷಕ್ಕೊಮ್ಮೆ ದೀಪಾವಳಿಯ ಪಾಡ್ಯದಂದು ಅವನು ಮೇಲೆ ಬರುತ್ತಾನೆಂದು ನಮ್ಮ ನಾಡಿನಲ್ಲಿ ಇಂದಿಗೂ ದೀಪ ಹಚ್ಚಿ ಅವನನ್ನು ಸ್ವಾಗತಿಸುತ್ತೇವೆ. ನರಕಗಳ ಲೆಕ್ಕ ಬೇರೆ. ಭಾಗವತವು ಅಂಥ 28 ನರಕಗಳನ್ನು ಹೆಸರಿಸಿ, ಯಾವ ಪಾಪಕ್ಕೆ ಯಾವ ಶಿಕ್ಷೆಯೆಂಬುದನ್ನು ವಿವರಿಸುತ್ತದೆ.

ಎರಡನೆಯದಾಗಿ ನನಗೆ ಅಚ್ಚರಿ ತಂದದ್ದು ಒಂದು ಸಾಮ್ಯ. ಸತ್ತವರು ವೈತರಣಿಯೆಂಬ ನದಿಯನ್ನು ದಾಟಬೇಕೆಂದು ನಮ್ಮ ಹಿರಿಯರು ನಂಬಿದರು. ಗ್ರೀಕರ ಪಾತಾಳಕ್ಕೂ ಸ್ಟಿಕ್ಸ್ ಎಂಬ ನದಿಯಿದೆ. ಖೇರಾನ್ ಎಂಬ ಅಂಬಿಗನು ಜೀವಗಳನ್ನು ದೋಣಿಯಲ್ಲಿ ದಾಟಿಸುತ್ತಾನೆ. ಅವನಿಗೆ ಕೂಲಿಯಾಗಲೆಂದು ಗ್ರೀಕರು ಹೆಣದ ಬಾಯಿಯಲ್ಲಿ ಒಂದು ನಾಣ್ಯವನ್ನು ಇಡುತ್ತಿದ್ದರು. ಯಮನ ದಾರಿಯನ್ನು ನಾಲ್ಕು ಕಣ್ಣುಗಳ ಎರಡು ನಾಯಿಗಳು ಕಾಯುತ್ತವೆಂದು ಋಗ್ವೇದದಲ್ಲಿದೆ. ಗ್ರೀಕರ ಬಾಗಿಲನ್ನು ಕಾಯುವುದು ಮೂರು ತಲೆಗಳ ಒಂದು ನಾಯಿ. ನದಿ, ದೋಣಿ, ಬಾಗಿಲು, ಕಾವಲು ನಾಯಿ ಇವೆಲ್ಲ ದಿನನಿತ್ಯ ನಮ್ಮ ಕಣ್ಣೆದುರಿಗೆ ಇರುವ ವಸ್ತುಗಳೇ. ಕಾಣದ ನಾಡಿನ ಚಿತ್ರವನ್ನು ಬರೆಯಲು ಮನುಷ್ಯನಿಗೆ ಕಂಡ ನಾಡಿನ ಬಣ್ಣಗಳಲ್ಲದೆ ಬೇರೆ ಬಣ್ಣಗಳೆಲ್ಲಿವೆ?

ಇಂಥ ಕಥೆಗಳಲ್ಲಿ ಬಹು ಹಳೆಯವು ಇಂದಿನ ಇರಾಕ್ ದೇಶದ ನೆಲದಲ್ಲಿ, ಮಣ್ಣಿನ ಹಲಗೆಗಳ ಮೇಲೆ ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಸುಮೇರಿಯನ್ನರು ಹಾಡುತ್ತಿದ್ದ ಒಂದು ಕಥೆಯಲ್ಲಿ ಇನಾನ್ನಾ ಎಂಬ ದೇವತೆ ತನ್ನ ಅಕ್ಕ ಆಳುವ ಮೃತ್ಯುಲೋಕಕ್ಕೆ ಇಳಿಯುತ್ತಾಳೆ. ದಾರಿಯಲ್ಲಿ ಏಳು ಬಾಗಿಲುಗಳು. ಒಂದೊಂದು ಬಾಗಿಲಿನಲ್ಲಿಯೂ ಒಂದೊಂದನ್ನು ಕಳಚಿ ಕೊಡಬೇಕು. ಮೊದಲು ಕಿರೀಟ, ಆಮೇಲೆ ಮಣಿಸರ, ಕಡೆಗೆ ಉಟ್ಟ ವಸ್ತ್ರ. ದೇವತೆಯಾದರೂ ಅಲ್ಲಿಗೆ ಬರಿಗೈಯಲ್ಲಿಯೇ ಹೋಗಬೇಕು. ಹಿಂದಿರುಗಬೇಕಾದರೆ ತನಗೆ ಬದಲಾಗಿ ಇನ್ನೊಬ್ಬರನ್ನು ಕೊಡಬೇಕೆಂಬುದು ಆ ಲೋಕದ ಕಟ್ಟಳೆ.

ಅದೇ ನಾಡಿನ ಗಿಲ್ಗಮೇಶನ ಮಹಾಕಾವ್ಯ ನಿನೆವೆ ಪಟ್ಟಣದ ಅವಶೇಷಗಳಲ್ಲಿ ದೊರೆಯಿತು. 1872ರಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸನು ಅದರಲ್ಲಿನ ಜಲಪ್ರಳಯದ ಕಥೆಯನ್ನು ಓದಿ ತಿಳಿಸಿದಾಗ ಯೂರೋಪು ಬೆರಗಾಯಿತು. ಪ್ರಾಣಸ್ನೇಹಿತನಾದ ಎಂಕಿಡುವನ್ನು ಕಳೆದುಕೊಂಡ ಗಿಲ್ಗಮೇಶನು ಸಾವಿಲ್ಲದಿರುವ ದಾರಿಯನ್ನು ಹುಡುಕುತ್ತ ಭೂಮಿಯ ಅಂಚಿನವರೆಗೆ ಅಲೆದು ಬರಿಗೈಯಲ್ಲಿ ಊರಿಗೆ ಮರಳುತ್ತಾನೆ. ಕಡೆಯ ಹಲಗೆಯಲ್ಲಿ ಎಂಕಿಡುವಿನ ಪ್ರೇತ ನೆಲದ ಬಿರುಕಿನಿಂದ ಮೇಲೆ ಬಂದು ಅಲ್ಲಿಯ ಸ್ಥಿತಿಯನ್ನು ತಿಳಿಸುತ್ತದೆ. ನೆನೆದು ಅನ್ನ ನೀರು ಇಡುವವರಿರುವ ಜೀವಗಳು ಅಲ್ಲಿ ನೆಮ್ಮದಿಯಾಗಿವೆ. ಯಾರೂ ಇಲ್ಲದ ಜೀವಗಳು ಬೀದಿಗೆ ಚೆಲ್ಲಿದ ಎಂಜಲನ್ನು ತಿನ್ನುತ್ತವೆ. ಮಹಾಲಯ ಅಮಾವಾಸ್ಯೆಯಂದು ಎಳ್ಳು ನೀರು ಬಿಡುವ ನಮಗೆ ಈ ಮಾತು ಅಪರಿಚಿತವೆನಿಸುವುದಿಲ್ಲ.

ನನ್ನ ಮನಸ್ಸನ್ನು ಬಹಳವಾಗಿ ಕಲಕಿದ್ದು ಗ್ರೀಕ್ ಕವಿ ಹೋಮರನ 'ಒಡಿಸ್ಸಿ'. ಅದರ ಹನ್ನೊಂದನೆಯ ಕಾಂಡದಲ್ಲಿ ಯುದ್ಧ ಮುಗಿಸಿ ಊರಿಗೆ ಮರಳುತ್ತಿರುವ ಒಡಿಸ್ಸಿಯಸ್ ದಾರಿ ಕೇಳಲೆಂದು ಸತ್ತವರ ನಾಡಿಗೆ ಹೋಗುತ್ತಾನೆ. ಅಲ್ಲಿ ತನ್ನ ತಾಯಿಯನ್ನು ಕಾಣುತ್ತಾನೆ. ಅವಳು ಸತ್ತಿರುವುದೇ ಅವನಿಗೆ ತಿಳಿದಿರಲಿಲ್ಲ. ನಿನ್ನ ಹಂಬಲದಲ್ಲಿಯೇ ನಾನು ಕೊರಗಿ ಸತ್ತೆ ಎಂದು ಅವಳು ಹೇಳುತ್ತಾಳೆ. ಮಗ ಮೂರು ಬಾರಿ ತೋಳು ಚಾಚಿ ತಾಯಿಯನ್ನು ಅಪ್ಪಿಕೊಳ್ಳಲು ಹೋಗುತ್ತಾನೆ. ಮೂರು ಬಾರಿಯೂ ಅವಳು ನೆರಳಿನಂತೆ ಜಾರಿಹೋಗುತ್ತಾಳೆ.

ಈ ಒಂದು ಸನ್ನಿವೇಶ ಅಲ್ಲಿಗೇ ಮುಗಿಯಲಿಲ್ಲ. ಶತಮಾನಗಳು ಕಳೆದ ಮೇಲೆ ರೋಮನ್ ಕವಿ ವರ್ಜಿಲನು ತನ್ನ 'ಈನಿಡ್' ಕಾವ್ಯದ ಆರನೆಯ ಕಾಂಡದಲ್ಲಿ ಈನಿಯಸನನ್ನು ಅದೇ ನಾಡಿಗೆ ಕಳುಹಿಸಿದನು. ಅಲ್ಲಿ ಈನಿಯಸ್ ತನ್ನ ತಂದೆಯನ್ನು ಕಂಡು ಮೂರು ಬಾರಿ ತೋಳು ಚಾಚುತ್ತಾನೆ. ಮೂರು ಬಾರಿಯೂ ತಂದೆ ಗಾಳಿಯಂತೆ ತಪ್ಪಿಹೋಗುತ್ತಾನೆ. ಮುಂದೆ ಇಟಲಿಯ ಡಾಂಟೆ ಹುಟ್ಟಿದನು. 1265ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಜನಿಸಿ 1302ರಲ್ಲಿ ಅಲ್ಲಿಂದ ಗಡೀಪಾರಾದ ಈ ಕವಿ, 1321ರಲ್ಲಿ ಪರಸ್ಥಳದಲ್ಲಿಯೇ ತೀರಿಕೊಂಡನು. ಪಂಡಿತರ ಲ್ಯಾಟಿನ್ ಭಾಷೆಯನ್ನು ಬಿಟ್ಟು ತನ್ನ ಜನರ ಆಡುನುಡಿಯಲ್ಲಿ ಅವನು ಬರೆದ 'ಡಿವೈನ್ ಕಾಮೆಡಿ'ಯಲ್ಲಿ ನರಕಕ್ಕೆ ಒಂಬತ್ತು ಸುತ್ತುಗಳಿವೆ. ಅದರ ತಳದಲ್ಲಿ ಇರುವುದು ಬೆಂಕಿಯಲ್ಲ, ಹಿಮ. ನಂಬಿದವರಿಗೆ ದ್ರೋಹ ಬಗೆದವರು ಅದರಲ್ಲಿ ಹೆಪ್ಪುಗಟ್ಟಿದ್ದಾರೆ. ಆ ದಾರಿಯಲ್ಲಿ ಡಾಂಟೆಗೆ ಮಾರ್ಗದರ್ಶಿಯಾಗಿ ನಡೆಯುವವನು ಬೇರೆ ಯಾರೂ ಅಲ್ಲ, ಆ ವರ್ಜಿಲನೇ. ನರಕವನ್ನು ದಾಟಿ ಪಾಪಶುದ್ಧಿಯ ಬೆಟ್ಟದ ಬುಡಕ್ಕೆ ಬಂದಾಗ ಡಾಂಟೆ ತನ್ನ ಸತ್ತ ಗೆಳೆಯನಾದ ಕಸೆಲ್ಲಾ ಎಂಬ ಗಾಯಕನನ್ನು ಕಾಣುತ್ತಾನೆ. ಅಲ್ಲಿಯೂ ಮೂರು ಬಾರಿ ತೋಳು ಚಾಚುತ್ತಾನೆ. ಮೂರು ಬಾರಿಯೂ ಖಾಲಿ ಕೈಗಳು ತನ್ನ ಎದೆಗೇ ಮರಳುತ್ತವೆ.

ತಾಯಿ, ತಂದೆ, ಗೆಳೆಯ. ಮೂವರು ಕವಿಗಳು, ಎರಡು ಸಾವಿರ ವರ್ಷಗಳ ಅಂತರ, ಒಂದೇ ಅಪ್ಪುಗೆ. ಒಬ್ಬ ಹಚ್ಚಿದ ದೀಪದಿಂದ ಇನ್ನೊಬ್ಬ ತನ್ನ ದೀಪವನ್ನು ಹಚ್ಚಿಕೊಳ್ಳುವಂತೆ ಸಾಹಿತ್ಯ ಬೆಳೆಯುತ್ತದೆ. ಆ ಬೆಳಕು ನಮ್ಮ ನಾಡಿಗೂ ಬಂದಿದೆ. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ 'ಶ್ರೀ ರಾಮಾಯಣ ದರ್ಶನಂ' ಕಾವ್ಯದ ಆರಂಭದಲ್ಲಿ ಕುವೆಂಪು ಅವರು ನಮ್ಮ ಪೂರ್ವಕವಿಗಳೊಡನೆ ಹೋಮರ್, ವರ್ಜಿಲ್, ಡಾಂಟೆಯರಿಗೂ ಗೌರವದಿಂದ ನಮಿಸಿದ್ದಾರೆ.

ಗ್ರೀಕರಲ್ಲಿ ಸಾವಿತ್ರಿಯಂತೆಯೇ ಹೊರಟ ಒಬ್ಬನುಂಟು. ಆರ್ಫಿಯಸ್ ಎಂಬ ಗಾಯಕನು ಸತ್ತ ಹೆಂಡತಿಗಾಗಿ ಪಾತಾಳಕ್ಕಿಳಿದು ತನ್ನ ಹಾಡಿನಿಂದ ಅಲ್ಲಿಯ ದೊರೆಯನ್ನು ಕರಗಿಸಿದನು. ಮೇಲೆ ಬರುವವರೆಗೆ ಹಿಂದಿರುಗಿ ನೋಡಕೂಡದೆಂಬುದು ಕಟ್ಟಳೆ. ಬೆಳಕು ಹತ್ತಿರವಾದಾಗ ಅವನು ತಡೆಯಲಾರದೆ ನೋಡಿದನು. ಅವಳು ಮತ್ತೆ ಕತ್ತಲಿಗೆ ಸರಿದಳು. 1607ರಲ್ಲಿ ಇಟಲಿಯ ಮಾಂಟೆವೆರ್ಡಿ ಈ ಕಥೆಯನ್ನು ಸಂಗೀತನಾಟಕವಾಗಿ ರಚಿಸಿದನು. ಆಮೇಲೆಯೂ ಎಷ್ಟೋ ಕವಿಗಳು, ನಾಟಕಕಾರರು, ಚಲನಚಿತ್ರ ನಿರ್ಮಾಪಕರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಅವನ ಪ್ರೀತಿ ಕಡಮೆಯಾಗಿತ್ತೆಂದು ಅವರು ಹೇಳುವುದಿಲ್ಲ. ಅವನು ತಿರುಗಿ ನೋಡಿದ್ದು ಪ್ರೀತಿ ಹೆಚ್ಚಾಗಿದ್ದುದರಿಂದ.

ಇಷ್ಟನ್ನೆಲ್ಲ ಓದಲು ನನಗೆ ಅನೇಕ ವರ್ಷಗಳು ಬೇಕಾದುವು. ಆದರೆ ಆ ಹುಡುಗಿಗೆ ಬೇಕಾಗಿದ್ದ ಉತ್ತರ ಒಂದು ತಿಂಗಳಲ್ಲಿಯೇ ದೊರೆಯಿತು. ಅದಿದ್ದುದು ಸಾವಿತ್ರಿಯ ಕಥೆಯನ್ನು ಹೇಳಿದ ಮಹಾಭಾರತದಲ್ಲಿಯೇ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ತನ್ನ ಕಾವ್ಯವನ್ನು ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಕನ್ನಡಿಸಿದನು. ನಾವು ಸಾಮಾನ್ಯವಾಗಿ ಓದದೆ ಬಿಡುವ ಆ ಕೊನೆಯ ಭಾಗದಲ್ಲಿ ಯುದ್ಧ ಮುಗಿದ ಮೇಲಿನ ದುಃಖವೆಲ್ಲ ತುಂಬಿದೆ. ಸ್ತ್ರೀಪರ್ವದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ರಣರಂಗದಲ್ಲಿ ಅಳುತ್ತ ತಿರುಗುತ್ತಾರೆ. ಎಳೆಯ ಉತ್ತರೆ ಅಭಿಮನ್ಯುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಳೆ. ನೀನು ಸಾವಿತ್ರಿಯಂಥವಳಾಗಲಿಲ್ಲವೆಂದು ಅವಳನ್ನು ಯಾರೂ ನಿಂದಿಸುವುದಿಲ್ಲ. ಸಾವಿತ್ರಿಯ ಕಥೆಯನ್ನು ವನಪರ್ವದಲ್ಲಿ ಮಾರ್ಕಂಡೇಯ ಮುನಿ ಹೇಳಿದ್ದು ದ್ರೌಪದಿಗಾಗಿ ನೊಂದಿದ್ದ ಧರ್ಮರಾಯನನ್ನು ಸಂತೈಸಲೆಂದು. ಸಂತೈಸುವುದಕ್ಕೆ ಹುಟ್ಟಿದ ಕಥೆಯನ್ನು ನಿಂದಿಸುವುದಕ್ಕೆ ಬಳಸುವುದು ತಪ್ಪು.

ಇದನ್ನು ಆ ಹುಡುಗಿಗೆ ಹೇಳಿದಾಗ ಅವಳು, "ಇದನ್ನು ನಮ್ಮ ಅಜ್ಜಿಗೆ ಹೇಳುತ್ತೀರಾ ಮೇಷ್ಟ್ರೇ?" ಎಂದಳು. ಒಂದು ಭಾನುವಾರ ಅವರ ಮನೆಗೆ ಹೋದೆ. ಅಜ್ಜಿಯ ಕಣ್ಣು ಮಂಜಾಗಿತ್ತು. ಸೊಸೆಯೇ ಅವರ ಕೈಹಿಡಿದು ತಂದು ಜಗುಲಿಯ ಮೇಲೆ ಕೂರಿಸಿದರು. ಗದರಿಸಿ ಬುದ್ಧಿ ಹೇಳಬೇಕೆಂದು ನಾನು ಹೋಗಿದ್ದೆ. ಆ ಮುಖವನ್ನು ನೋಡಿದ ಮೇಲೆ ಮಾತು ಬರಲಿಲ್ಲ. ಅವರೂ ಮಗನನ್ನು ಕಳೆದುಕೊಂಡ ತಾಯಿಯಲ್ಲವೇ? ಅವರ ತೋಳೂ ಬರಿದೆ ಗಾಳಿಯಲ್ಲಿ ಚಾಚಿಕೊಂಡಿತ್ತು.

ಬುದ್ಧಿ ಹೇಳುವುದನ್ನು ಬಿಟ್ಟು ಒಂದು ಕಥೆ ಹೇಳಿದೆ. ಯುದ್ಧ ಕಳೆದು ಹದಿನೈದು ವರ್ಷಗಳಾದ ಮೇಲೆ ಧೃತರಾಷ್ಟ್ರ, ಗಾಂಧಾರಿ, ಕುಂತಿಯರು ಕಾಡಿಗೆ ಹೋಗಿ ತಪಸ್ಸಿನಲ್ಲಿದ್ದರು. ಅವರ ಒಡಲಿನ ಉರಿ ಆರಿರಲಿಲ್ಲ. ಆಗ ವ್ಯಾಸರು ಅವರನ್ನು ಗಂಗೆಯ ತೀರಕ್ಕೆ ಕರೆದೊಯ್ದು, ನೀರಿನೊಳಗಿಂದ ಸತ್ತವರನ್ನೆಲ್ಲ ಮೇಲಕ್ಕೆ ಕರೆದರು. ಕರ್ಣನೂ ಅಭಿಮನ್ಯುವೂ ನೂರು ಮಂದಿ ಕೌರವರೂ ಹಗೆಯನ್ನು ಮರೆತು ಬಂದರು. ತಾಯಂದಿರು ಮಕ್ಕಳನ್ನು ಕಣ್ತುಂಬ ನೋಡಿದರು. ಕುರುಡನಾದ ಧೃತರಾಷ್ಟ್ರನಿಗೂ ಆ ರಾತ್ರಿ ದೃಷ್ಟಿ ದೊರೆಯಿತು. ಬೆಳಗಾಗುವ ಹೊತ್ತಿಗೆ ಬಂದವರೆಲ್ಲ ಗಂಗೆಯಲ್ಲಿ ಇಳಿದು ಮರೆಯಾದರು.

ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದರು: "ಒಂದೇ ರಾತ್ರಿಯೇ?"

"ಹೌದಮ್ಮ, ಒಂದೇ ರಾತ್ರಿ. ವ್ಯಾಸರಿಂದಲೂ ಅದಕ್ಕಿಂತ ಹೆಚ್ಚು ಆಗಲಿಲ್ಲ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆ ಒಳಗಿನಿಂದ ಮಜ್ಜಿಗೆ ತಂದಾಗ, "ನೀನೂ ಕುಳಿತುಕೋ" ಎಂದರು. ಆ ಮನೆಯಲ್ಲಿ ಹಳೆಯ ಮಾತು ಅಂದಿಗೇ ನಿಂತಿತೆಂದು ನಾನು ಹೇಳಲಾರೆ. ಹುಡುಗಿಯಂತೂ ಅದನ್ನು ಮತ್ತೆ ನನ್ನ ಮುಂದೆ ಎತ್ತಲಿಲ್ಲ.

ಮುಂದಿನ ವರ್ಷ ಅದೇ ಪಾಠವನ್ನು ಮತ್ತೆ ಮಾಡಬೇಕಾಯಿತು. ಆಗ ಹಿಂದೆ ಗಮನಿಸದ ಒಂದು ವಿಷಯ ಕಣ್ಣಿಗೆ ಬಿತ್ತು. ಸತ್ಯವಾನನ ಪ್ರಾಣವೊಂದನ್ನು ಬಿಟ್ಟು ಏನಾದರೂ ಕೇಳು ಎಂದು ಯಮನು ಹೇಳಿದಾಗ ಸಾವಿತ್ರಿ ಮೊತ್ತಮೊದಲು ಕೇಳಿದ್ದು ಕುರುಡನಾಗಿದ್ದ ಮುದಿ ಮಾವನ ಕಣ್ಣುಗಳನ್ನು. ಸತ್ತವನ ಹಿಂದೆ ನಡೆಯುತ್ತಿರುವಾಗಲೂ ಮನೆಯಲ್ಲಿ ಉಳಿದವರನ್ನು ಅವಳು ಮರೆಯಲಿಲ್ಲ. ಆ ಮಾತನ್ನು ಓದುವಾಗ ನನಗೆ, ಮಂಜುಗಣ್ಣಿನ ಅತ್ತೆಯನ್ನು ಕೈಹಿಡಿದು ಜಗುಲಿಗೆ ತಂದು ಕೂರಿಸಿದ ಆ ತಾಯಿ ನೆನಪಿಗೆ ಬಂದರು. ಯಮನ ಬೆನ್ನುಹತ್ತಿ ಎಷ್ಟು ದೂರ ನಡೆದರೆ ಸಾವಿತ್ರಿಯೆನಿಸಿಕೊಳ್ಳಬಹುದೆಂಬ ಆ ಹುಡುಗಿಯ ಪ್ರಶ್ನೆಗೆ ಈಗಲಾದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಹೊಸಿಲಿನಿಂದ ಜಗುಲಿಯವರೆಗಿನ ದೂರವೂ ಕೆಲವೊಮ್ಮೆ ಸಾಕಾಗುತ್ತದೆ.