ಜವಾರಿ

“ತಂಬೂರಿಯ ಜವಾರಿ ಹೋಯಿತು” ಎಂದು ನಾನು ಖೋಲಿಯಲ್ಲಿ ತಲೆಗೆ ಕೈ ಹಚ್ಚಿ ಕುಳಿತಾಗ ಜೊತೆಗಾರ ಗೆಳೆಯನು, “ಜವಾರಿ ಹ್ವಾದ್ರ ಹೋಗ್ಲಿ ಬಿಡೊ, ಹೈಬ್ರಿಡ್ ತಂದ್ರಾತು” ಎಂದು ಸಮಾಧಾನ ಹೇಳಿದನು. ಅವನದೇನೂ ತಪ್ಪಿಲ್ಲ. ನಮ್ಮ ಕಡೆಗೆ ಜವಾರಿ ಎಂದರೆ ಜವಾರಿ ಬದನೆಕಾಯಿ, ಜವಾರಿ ಕೋಳಿ, ಜವಾರಿ ಆಕಳು. ತಂಬೂರಿಗೂ ಒಂದು ಜವಾರಿ ಉಂಟೆಂಬುದು ಎರಡು ವರ್ಷಗಳ ಹಿಂದೆ ನನಗೂ ಗೊತ್ತಿರಲಿಲ್ಲ. ಗೊತ್ತಾದ ಬಗೆಯೂ ಹೇಳಿಕೊಳ್ಳುವಂಥದಲ್ಲ. ಆದರೆ ನಮ್ಮ ಕಾಲೇಜಿನಲ್ಲಿ ಹಾಡುವ, ಬಾರಿಸುವ ಹುಚ್ಚು ಹತ್ತಿದ ಐದಾರು ಜನರಿದ್ದೇವೆ. ನಿಪ್ಪಾಣಿಯ ಗೆಳೆಯನಲ್ಲಿ ತಬಲಾ ಇದೆ, ಅಥಣಿಯಿಂದ ಬರುವ ಸಹಪಾಠಿಯೊಬ್ಬಳು ಈ ವರ್ಷವೇ ಹೆಂಗಸರ ಅಳತೆಯ ಸಣ್ಣ ತಂಬೂರಿಯನ್ನು ಕೊಂಡಿದ್ದಾಳೆ. ಅವರ ವಾದ್ಯಗಳಾದರೂ ನೆಟ್ಟಗುಳಿಯಲಿ ಎಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಸಂಗೀತಶಾಸ್ತ್ರ ಬಲ್ಲ ಗುರುಗಳು ಇದನ್ನು ಓದದೆ ಪುಟ ಮಗುಚಿದರೆ ನನಗೆ ಉಪಕಾರವೇ ಆಗುವದು.

ನನ್ನದು ಕಾಗವಾಡದ ಕಡೆಗೆ ಕೃಷ್ಣೆಯ ದಂಡೆಯ ಮೇಲಿನ ಒಂದು ಹಳ್ಳಿ. ಅಲ್ಲಿ ನನಗೆ ಭಜನೆಯ ಪದ ಕಲಿಸಿದವರು ನಿವೃತ್ತ ಶಾಲಾ ಮಾಸ್ತರರು. 1968ರಲ್ಲಿ, ನೌಕರಿ ಹತ್ತಿದ ಮೊದಲ ವರ್ಷದ ಪಗಾರದಲ್ಲಿ ಉಳಿಸಿ, ಮಿರಜದಿಂದ ಅವರು ಒಂದು ತಂಬೂರಿ ತಂದಿದ್ದರು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ಜನರೆಲ್ಲ ಜೋಳದ ಚೀಲ, ದನಕರು ಎಂದು ಓಡಾಡುತ್ತಿದ್ದರೆ ಮಾಸ್ತರರು ಈ ತಂಬೂರಿಯನ್ನು ಹೆಗಲ ಮೇಲೆ ಹೊತ್ತು ಮೊಣಕಾಲುದ್ದ ನೀರಿನಲ್ಲಿ ಹೊರಬಿದ್ದರು. ಅವರ ಮನೆಯವರು ಇಂದಿಗೂ ಆ ಮಾತನ್ನು ಆಡಿ ತೋರಿಸುವದುಂಟು. ನಾನು ಕಾಲೇಜಿಗೆಂದು ರಾಯಬಾಗಕ್ಕೆ ಹೊರಟಾಗ ಅದೇ ತಂಬೂರಿಯನ್ನು ನನ್ನ ಮುಂದಿಟ್ಟು ಹೇಳಿದರು: “ನನ್ನ ಕೈ ನಡಗಾಕ ಹತ್ಯಾವ ತಮ್ಮಾ. ಒಯ್ದು ನುಡಸ್ಕೋತ ಇರು. ಶ್ರಾವಣದ ಸಪ್ತಾಹಕ್ಕ ಹೊಳ್ಳಿ ತಗೊಂಡ್ ಬಾ. ಬಿಸಲಿಗೆ ಇಡಬ್ಯಾಡ, ಎಣ್ಣಿ ಹಚ್ಚಬ್ಯಾಡ, ತಿಳೀದ್ದಕ್ಕ ಕೈ ಹಾಕಬ್ಯಾಡ.”

ಮೂರರಲ್ಲಿ ಎರಡನ್ನು ನಾನು ತಪ್ಪದೆ ಪಾಲಿಸಿದೆನು.

ಮೊದಲು ಬಸ್ಸಿನ ಮಾತು. ತಂಬೂರಿಯ ತುಂಬ ಎಂದರೆ ಒಣಗಿಸಿದ ಕುಂಬಳದ ಬುರುಡೆ. ತೆಂಗಿನ ಚಿಪ್ಪಿನಂತೆ ಗಟ್ಟಿಯೇನೋ ಹೌದು, ಆದರೆ ಚಿಪ್ಪಿನಂತೆಯೇ ಒಂದು ಪೆಟ್ಟಿಗೆ ಹೋಳಾಗುವಂಥದು. ಪಂಢರಪುರದ ಸುತ್ತಲಿನ ಹೊಲಗಳಲ್ಲಿ ಇದಕ್ಕೆಂದೇ ಈ ಜಾತಿಯ ಬಳ್ಳಿ ಬೆಳೆಸಿ, ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸಿ ಮಿರಜಕ್ಕೆ ತರುವರು. ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆದರೆ ಮಾನ್ಯತೆ ಬಂದಿತೆಂದು ಬುರುಡೆ ಗಟ್ಟಿಯಾಗುವದಿಲ್ಲ. ಬಸ್ಸಿನ ಟಪ್ಪಿನ ಮೇಲಾಗಲಿ, ಹಿಂದಿನ ಡಿಕ್ಕಿಯಲ್ಲಾಗಲಿ ಇಡಲೇಬಾರದು. ಹೊರಡುವ ಮೊದಲು ಖುಂಟಿಗಳನ್ನು ಸ್ವಲ್ಪ ಸ್ವಲ್ಪ ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಹಳೆಯ ಧೋತರವನ್ನೋ ಕೌದಿಯನ್ನೋ ಬುರುಡೆಗೆ ಸುತ್ತಿ, ಬುರುಡೆ ತೊಡೆಯ ಮೇಲೆ, ದಂಡಿ ಹೆಗಲಿಗೆ ಬರುವಂತೆ ಕೂಸಿನ ಹಾಗೆ ಹಿಡಿದು ಕೂಡ್ರಬೇಕು. ಕುಡಚಿಯಲ್ಲಿ ಬಸ್ಸು ತುಂಬಿದಾಗ ಕಂಡಕ್ಟರರು, “ಇದಕ್ಕ ತಿಕೀಟ ತಗದಿ ಏನಪಾ?” ಎಂದರು. ನಾನು ತಡವರಿಸುತ್ತಿರಲು ಹಿಂದಿನ ಸೀಟಿನ ಅಜ್ಜನೊಬ್ಬನು, “ಹಾಡಿದ್ರ ತಿಕೀಟ, ಸುಮ್ನಿದ್ರ ಮಾಫ್ ಅನ್ರಿ ಸಾಹೇಬ್ರ” ಎಂದು ಪಾರುಮಾಡಿದನು.

ಶ್ರುತಿ ಕೂಡಿಸುವದು ಮಾತ್ರ ಯಾರೂ ಪಾರುಮಾಡಲಾಗದ ಕೆಲಸ. ತಂತಿಗಳು ನಾಲ್ಕು: ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಹಿತ್ತಾಳೆಯ ಖರ್ಜ. ಹೊಸಬರು ಪಂಚಮದಿಂದಲೇ ಹತ್ತುವರು, ಅಲ್ಲಿಯೇ ದಾರಿ ತಪ್ಪುವರು. ಮೊದಲು ಜೋಡಿಯನ್ನು ನಿಮ್ಮ ಸ್ವರಕ್ಕೆ ಹಿಡಿಯಿರಿ. ನನ್ನದು ಪೆಟ್ಟಿಗೆಯ ಕರಿ ಒಂದು. ಎರಡೂ ತಂತಿಗಳು ಒಂದೇ ತಂತಿಯೋ ಎಂಬಷ್ಟು ಕೂಡಿದ ಮೇಲೆ ಖರ್ಜ, ಆಮೇಲೆ ಪಂಚಮ. ಕೆಲಸಕ್ಕೆ ತೊಡಗುವ ಮುಂಚೆ ಕುದುರೆಯ ಕೆಳಗಿರುವ ಮಣಿಗಳನ್ನೆಲ್ಲ ನಡುಮಧ್ಯಕ್ಕೆ ತಂದಿಡಬೇಕು. ನಾನು ಆರು ತಿಂಗಳು ಈ ಸಣ್ಣ ಮಾತನ್ನು ತಿಳಿಯದೆ ಒದ್ದಾಡಿದೆನು. ಖುಂಟಿಯಿಂದ ಹತ್ತಿರ ತರುವದು, ಮಣಿಯಿಂದ ಕೂಡಿಸುವದು. ಮಣಿಯನ್ನು ಕುದುರೆಯಿಂದ ದೂರ ಸರಿಸಿದರೆ ಸ್ವರ ಏರುತ್ತದೆ, ಹತ್ತಿರ ತಂದರೆ ಇಳಿಯುತ್ತದೆ. ಅದು ಮೊದಲೇ ತುದಿಗೆ ಹೋಗಿ ಕುಳಿತಿದ್ದರೆ ಇನ್ನೆಲ್ಲಿಗೆ ಸರಿಸುವಿರಿ?

ಖುಂಟಿ ತಿರುಗಿಸುವಾಗ ಒಳಕ್ಕೆ ಒತ್ತಿಕೊಂಡು ತಿರುಗಿಸಬೇಕು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಖುಂಟಿ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಜಾರುವ ಖುಂಟಿಗೆ ಸೀಮೆಸುಣ್ಣ ಸವರಿದರೆ ಸಾಕು. ನಮ್ಮ ಕಾಲೇಜಿನ ಫಳಿಯ ಕೆಳಗೆ ಬೀಳುವ ಚೂರುಗಳು ಇಡೀ ತಾಲೂಕಿನ ತಂಬೂರಿಗಳಿಗೆ ಸಾಲುವಷ್ಟಿವೆ. ತಂತಿ ಹೊಸದು ಹಾಕುವದಿದ್ದರೆ ಒಂದೊಂದಾಗಿ ಬದಲಿಸಿರಿ. ಉಳಿದ ಮೂರು ತಂತಿಗಳು ಹೊಸದಕ್ಕೆ ದಾರಿ ತೋರಿಸುವವು. ನುಡಿಸಿದ ಮೇಲೆ ಬೆವರಿನ ಕೈ ತಾಗಿದ ತಂತಿಗಳನ್ನು ಒಣಬಟ್ಟೆಯಿಂದ ಒರಸಿರಿ. ಮೀಟುವದು ಉಗುರಿನಿಂದಲ್ಲ, ಬೆರಳಿನ ಮಾಂಸದಿಂದ: ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು.

ಮೊಬೈಲಿನ ತಂಬೂರಿ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನಾನೂ ಬೆಳಗಿನ ಐದಕ್ಕೆ, ಖೋಲಿಯವರ ನಿದ್ದೆಗೆ ಭಂಗ ಬಾರದಂತೆ, ಕಿವಿಯಲ್ಲಿ ಅದನ್ನೇ ಇಟ್ಟುಕೊಂಡು ಹಾಡುವೆನು. ಒಳ್ಳೆಯ ಸಾಧನವೇ. ಆದರೆ ಅದು ಎಂದೂ ಕೆಡುವದಿಲ್ಲ, ಹೀಗಾಗಿ ಕೆಟ್ಟದ್ದು ಯಾವದೆಂದು ಕಿವಿಗೆ ಕಲಿಸುವದೂ ಇಲ್ಲ. ಇದು ನನ್ನ ಅಭಿಪ್ರಾಯ. ನಿಪ್ಪಾಣಿಯ ಗೆಳೆಯನು ಒಪ್ಪುವದಿಲ್ಲ.

ಇನ್ನು ಜವಾರಿ. ತಂತಿಗಳು ಹಾಯ್ದುಹೋಗುವ ಕುದುರೆಯ ಮೈ ಚಪ್ಪಟೆಯಾಗಿ ಕಂಡರೂ ಚಪ್ಪಟೆಯಲ್ಲ. ಕಣ್ಣಿಗೆ ಕಾಣದಷ್ಟು ಇಳಿಜಾರು ಅದಕ್ಕಿದೆ. ಮೀಟಿದ ತಂತಿ ಆ ಇಳಿಜಾರನ್ನು ಸವರಿ ಸವರಿ ನಡುಗುವದರಿಂದಲೇ ತಂಬೂರಿಗೆ ಆ ಜೇನುಹುಳುವಿನ ಗುಂಯ್‌ಗುಟ್ಟುವಿಕೆ ಬರುವದು. ಇದನ್ನು ತೆರೆದುಕೊಡಲು ತಂತಿಯ ಕೆಳಗೆ ಒಂದು ಎಳೆ ಹತ್ತಿಯ ನೂಲನ್ನು ಸೇರಿಸಿ ಹಿಂದೆ ಮುಂದೆ ಸರಿಸುವರು. ಆ ನೂಲಿಗೆ ಜೀವಾಳಿ ಎಂದು ಹೆಸರು, ಒಪ್ಪುವ ಹೆಸರು. ಸರ್ ಸಿ. ವಿ. ರಾಮನ್ನರು 1921ರಲ್ಲಿ ಈ ಕುದುರೆಯ ಕುರಿತೇ ಒಂದು ಲೇಖನ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಕೇಳಬಾರದೆಂದು ಪಶ್ಚಿಮದ ಶಾಸ್ತ್ರ ಹೇಳಿತ್ತೋ, ಆ ಉಪಸ್ವರವೂ ತಂಬೂರಿಯಲ್ಲಿ ಸ್ಪಷ್ಟವಾಗಿ ಕೇಳುವದೆಂದು ಅವರು ತೋರಿಸಿಕೊಟ್ಟರು. ಇದನ್ನೆಲ್ಲ ನಾನು ಓದಿಕೊಂಡದ್ದು ಕೆಡಿಸಿದ ಮೇಲೆ.

ನಡೆದದ್ದಿಷ್ಟು. ಸಪ್ತಾಹಕ್ಕೆ ಒಂದು ತಿಂಗಳಿತ್ತು. ತಂತಿ ಉಜ್ಜಿ ಉಜ್ಜಿ ಕುದುರೆಯ ಮೇಲೆ ಗೆರೆ ಬಿದ್ದು ಧ್ವನಿ ಮುಚ್ಚಿಕೊಂಡಿತ್ತು. ನೂಲು ಎಲ್ಲಿ ಸರಿಸಿದರೂ ಖರ್ಜ ಬಾಯಿ ಬಿಡಲೊಲ್ಲದು. ಮೊಬೈಲಿನಲ್ಲಿ ಯಾರೋ ಹತ್ತು ನಿಮಿಷದಲ್ಲಿ ಜವಾರಿ ತೆಗೆದು ತೋರಿಸುತ್ತಿದ್ದರು. ಪೇಟೆಗೆ ಹೋಗಿ ಎರಡು ಹಾಳೆ ಉಸುಕಿನ ಕಾಗದ ತಂದೆನು. ಗೆರೆಗಳು ಮಾಯವಾಗುವವರೆಗೆ ತಿಕ್ಕಿದೆನು. ಕುದುರೆ ಕನ್ನಡಿಯಂತೆ ಹೊಳೆಯಿತು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ತಂತಿ ಏರಿಸಿ ಮೀಟಿದರೆ ಡಬ್ಬಿಯ ಮೇಲೆ ಬಡಿದಂತೆ ಟಣ್ ಟಣ್ ಎಂದಿತು. ಐವತ್ತು ವರ್ಷಕ್ಕೂ ಮಿಕ್ಕಿ ಹಾಡಿದ ವಾದ್ಯ ನನ್ನ ಕೈಯಲ್ಲಿ ಅರ್ಧ ತಾಸಿಗೆ ಮೂಕಾಯಿತು.

ಎರಡು ವಾರ ಯಾರಿಗೂ ಹೇಳಲಿಲ್ಲ. ಮಾಸ್ತರರ ಫೋನು ಬಂದರೆ “ಚಲೋ ಐತ್ರಿ” ಎನ್ನುತ್ತಿದ್ದೆನು. ಕೊನೆಗೆ ಒಂದು ರವಿವಾರ ರಾಯಬಾಗದ ಸ್ಟೇಷನ್ನಿನಲ್ಲಿ ರೈಲು ಹತ್ತಿದೆನು. ಕುಡಚಿ ದಾಟಿ ಕೃಷ್ಣೆಯ ಪೂಲಿನ ಮೇಲೆ ಗಾಡಿ ಹೋಗುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಇದೇ ನೀರಿನಿಂದ ಮಾಸ್ತರರು ಉಳಿಸಿಕೊಂಡ ತಂಬೂರಿ ನನ್ನ ತೊಡೆಯ ಮೇಲಿತ್ತು. ಉಗಾರ, ಶೇಡಬಾಳ ಯಾವಾಗ ಬಂದು ಹೋದವೋ ತಿಳಿಯಲಿಲ್ಲ.

ಮಿರಜದಲ್ಲಿ ವಾದ್ಯ ಮಾಡುವವರ ಓಣಿ ಕೇಳಿದರೆ ಹುಡುಗರೂ ತೋರಿಸುವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದ ಊರದು. 1937ರಲ್ಲಿ ದೂರದ ಮದರಾಸಿನ ಕಡೆಗೆ ಪ್ರವಾಸದಲ್ಲಿ ತೀರಿಕೊಂಡರೂ ಅವರ ಗೋರಿ ಇರುವದು ಇಲ್ಲಿಯ ಮೀರಾಸಾಹೇಬರ ದರ್ಗೆಯಲ್ಲಿ. ಒಂದು ಅಂಗಡಿಯ ಮುಂದೆ ನೆಲದ ಮೇಲೆ ಕುಳಿತ ವೃದ್ಧ ಕಾರೀಗರರು ನನ್ನ ತಂಬೂರಿಯ ಗವಸು ತೆಗೆದರು, ಒಂದೇ ತಂತಿ ಮೀಟಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಕುಣೀ ಹಾತ ಲಾವಲಾ?” ಎಂದರು. ನಾನು ನನ್ನ ಬೆರಳನ್ನೇ ನನ್ನೆಡೆಗೆ ತಿರುಗಿಸಿದೆನು. ಅವರು ಬೈಯಲಿಲ್ಲ. ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ಇದು ಜಿಂಕಿ ಕೊಂಬಿನ ಘೋಡಿ. ಒಂದೊಂದು ಸಲ ಜವಾರಿ ತಗದಾಗ ಒಂದ್ ಕೂದಲೆಳಿಯಷ್ಟು ಸವೀತೈತಿ. ನೀ ಒಂದ ದಿನದಾಗ ಇದರ ಹತ್ತು ವರ್ಷ ತಿಂದಿ, ಬಾಳಾ.”

ಹೊಸ ಕುದುರೆ ಹಾಕಲು ಬರುವದಿಲ್ಲವೆ ಎಂದು ಕೇಳಿದೆನು. ಹಾಕಬಹುದು, ಆದರೆ ಇದೇ ದನಿ ಬಂದೀತೆಂದು ಹೇಳಲಾಗದು ಎಂದರು. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ತರುವಾಯ ಅಂಥ ಕೊಂಬನ್ನು ಪೇಟೆಯಲ್ಲಿ ಕೊಳ್ಳುವಂತಿಲ್ಲ, ಅದು ನ್ಯಾಯವೇ. ಅದಕ್ಕೇ ಇದ್ದದ್ದನ್ನು ಜೋಪಾನ ಮಾಡಬೇಕು.

ಆ ಮೇಲೆ ಅವರು ಮಾಡಿದ ಕೆಲಸವನ್ನು ಮಧ್ಯಾಹ್ನದವರೆಗೆ ನೋಡುತ್ತ ಕುಳಿತೆನು. ಕಾನಸಿನಿಂದ ನಾಲ್ಕು ಸಲ ಎಳೆಯುವದು, ತಂತಿ ಕೂಡ್ರಿಸುವದು, ಮೀಟುವದು, ಕಿವಿಯನ್ನು ದಂಡಿಗೆ ಹಚ್ಚುವದು, ಮತ್ತೆ ತಂತಿ ಸರಿಸಿ ಎರಡು ಸಲ ಎಳೆಯುವದು. ಎಳೆಯುವದಕ್ಕಿಂತ ಕೇಳುವದಕ್ಕೇ ಹೆಚ್ಚು ವೇಳೆ. ನಾನು ತಿಕ್ಕುವಾಗ ಒಂದು ಸಲವಾದರೂ ನಿಲ್ಲಿಸಿ ಕೇಳಿದ್ದೆನೆ? ಆದುದರಿಂದ ಗೆಳೆಯರೆ, ನೂಲು, ಮಣಿ, ಖುಂಟಿ, ತಂತಿ ಇವು ನಮ್ಮವು, ಧೈರ್ಯವಾಗಿ ಕಲಿಯಿರಿ. ಕುದುರೆ ನಮ್ಮದಲ್ಲ. ಅದಕ್ಕೆ ಮಿರಜದ ತಿಕೀಟು ತೆಗೆಯಿರಿ. ಜವಾರಿ ನಿಜವಾಗಿ ಹೋಗಿದೆಯೋ ಅಥವಾ ಬರಿ ನೂಲು ಸರಿದಿದೆಯೋ ಎಂಬ ಸಂಶಯ ಬಂದರೆ, ಹೊಸ ನೂಲು ಹಾಕಿ ಒಂದು ವಾರ ತಾಳಿರಿ. ಮಳೆಯ ದಿನಗಳಲ್ಲಿಯಂತೂ ಯಾವ ತೀರ್ಮಾನವನ್ನೂ ಮಾಡಬೇಡಿರಿ. ಹಸಿ ಹವೆಗೆ ತಂಬೂರಿಯ ದನಿಯೂ ಮಂಕಾಗುತ್ತದೆ.

ಶ್ರಾವಣದ ಸಪ್ತಾಹದ ಹಿಂದಿನ ಸಂಜೆ ಮಾಸ್ತರರ ಪಡಸಾಲೆಯಲ್ಲಿ ತಂಬೂರಿ ಇಟ್ಟೆನು. ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆನು. ಅವರು ಗವಸು ತೆಗೆದು, ನಡುಗುವ ಬೆರಳಿನಿಂದ ನಾಲ್ಕೂ ತಂತಿಗಳನ್ನು ಒಂದು ಸುತ್ತು ಮೀಟಿ, ಕಣ್ಣು ಮುಚ್ಚಿ ಕುಳಿತರು. ಎರಡನೆಯ ಸುತ್ತು ಮೀಟಿದರು. ನನ್ನ ಮಾತುಗಳೆಲ್ಲ ಗಂಟಲಲ್ಲಿಯೇ ಉಳಿದವು.

“ಮಿರಜಕ್ಕ ಹೋಗಿದ್ದೇನು?” ಎಂದರು.

“ಹೌದ್ರಿ” ಎಂದು, ಉಸುಕಿನ ಕಾಗದದಿಂದ ಹಿಡಿದು ಹತ್ತು ವರ್ಷದ ಲೆಕ್ಕದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆನು. ಮಾಸ್ತರರು ಕುದುರೆಯ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆ ಮೇಲೆ ತಂಬೂರಿಯನ್ನು ನನ್ನ ತೊಡೆಗೆ ದಾಟಿಸಿ, “ಹತ್ತು ವರ್ಷ ನನ್ನವು ಅಲ್ಲ ಬಿಡು, ಅವು ನಿನ್ನವು ಇದ್ದುವು” ಎಂದರು. “ಪಂಚಮ ಸ್ವಲ್ಪ ಇಳದೈತಿ ನೋಡು. ಖುಂಟಿ ಮುಟ್ಟಬ್ಯಾಡ, ಮಣಿ ಸರಸು.”

ನಾನು ಮಣಿ ಸರಿಸಿದೆನು. ಹೊರಗೆ ಗುಡಿಯಲ್ಲಿ ಆಗಲೇ ತಾಳಗಳ ಸಪ್ಪಳ ಹತ್ತಿತ್ತು.