ಹತ್ತೊಂಬತ್ತು ಯೂನಿಟ್ಟಿನ ಸೂರ್ಯ

ಫ್ಯೂಷನ್ ವಿದ್ಯುತ್ ಯಾವಾಗ ಬರುತ್ತೆ? ಯಾವಾಗ ಕೇಳಿದರೂ ‘ಇನ್ನು ಮೂವತ್ತೇ ವರ್ಷ’! ವಿಜ್ಞಾನ ಓದಿದವರ ನಡುವೆ ಇದು ಹಳೇ ಜೋಕು. ನಮ್ಮ ಹೋಮಿ ಭಾಭಾ 1955ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಇನ್ನೂ ಧೈರ್ಯ ಮಾಡಿ, ಇಪ್ಪತ್ತು ವರ್ಷದೊಳಗೆ ದಾರಿ ಸಿಗುತ್ತೆ ಅಂದಿದ್ದರು. ಆ ಇಪ್ಪತ್ತು ಮುಗಿದು ಎಷ್ಟೋ ಕಾಲವಾಯಿತು.

ಸೂರ್ಯನೊಳಗೆ ಆಗೋದು ಇದೇ, ಹಗುರ ಪರಮಾಣುಗಳ ಬೀಜಗಳು ಕೂಡಿಕೊಂಡು ಶಕ್ತಿ ಬಿಡೋದು. ಭೂಮಿ ಮೇಲೆ ಅದನ್ನು ಮಾಡೋಕೆ ಹೈಡ್ರೋಜನ್ನಿನ ಅಣ್ಣತಮ್ಮಂದಿರಾದ ಡ್ಯುಟೀರಿಯಂ, ಟ್ರಿಟಿಯಂಗಳನ್ನು ಹತ್ತು-ಹದಿನೈದು ಕೋಟಿ ಡಿಗ್ರಿಗೆ ಕಾಯಿಸಬೇಕು. ಅದನ್ನು ತಡೆಯೋ ಪಾತ್ರೆ ಯಾವುದಿದೆ ಹೇಳಿ? ಅದಕ್ಕೇ ಉದ್ದಿನ ವಡೆಯಾಕಾರದ ಕೊಳವೆಯೊಳಗೆ, ಗೋಡೆಗೆ ತಾಗದಂತೆ, ಅಯಸ್ಕಾಂತದ ಬಲದಿಂದ ಹಿಡಿದಿಡ್ತಾರೆ. ಅದೇ ಟೋಕಮಾಕ್. ಹೆಸರೂ ರಷ್ಯನ್, ಯಂತ್ರವೂ ಅವರದ್ದೇ.

1968ರಲ್ಲಿ ರಷ್ಯನ್ನರು ‘ನಮ್ಮ ಟಿ-3 ಒಂದು ಕೋಟಿ ಡಿಗ್ರಿ ಹತ್ತಿರ ಮುಟ್ಟಿದೆ’ ಅಂದಾಗ ಪಶ್ಚಿಮದವರು ನಂಬಲಿಲ್ಲ. ಮರುವರ್ಷ ಬ್ರಿಟನ್ನಿನ ವಿಜ್ಞಾನಿಗಳು, ಶೀತಲ ಸಮರದ ನಡುವೆಯೇ, ಲೇಸರ್ ಹೊತ್ತು ಮಾಸ್ಕೋಗೆ ಹೋಗಿ ತಾವೇ ಅಳೆದರು. ಮಾತು ನಿಜವಾಗಿತ್ತು! ಆಮೇಲೆ ಎಲ್ಲರೂ ಟೋಕಮಾಕ್ ಕಟ್ಟೋಕೆ ಶುರು ಮಾಡಿದರು.

ಇಂಗ್ಲೆಂಡಿನ ‘ಜೆಟ್’ ಟೋಕಮಾಕ್ ಮುಚ್ಚೋ ಮುಂಚೆ, 2023ರಲ್ಲಿ, 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ತೆಗೆಯಿತು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 19 ಯೂನಿಟ್, ಮುಂಬೈಯ ನಮ್ಮನೆಗೆ ಎರಡು-ಮೂರು ದಿನಕ್ಕಾಗುವಷ್ಟು. ಅದೂ ಬರೀ ಶಾಖ, ಕರೆಂಟಲ್ಲ. ಕಾಯಿಸೋಕೆ ಸುರಿದದ್ದು ಅದಕ್ಕಿಂತ ಹೆಚ್ಚು. ನಗಬಹುದು. ಆದರೆ ಅಷ್ಟೇ ಶಾಖಕ್ಕೆ ಎರಡು ಕೆಜಿ ಕಲ್ಲಿದ್ದಲು ಸುಡಬೇಕು.

ಮುಂದಿನ ಹೆಜ್ಜೆ ಫ್ರಾನ್ಸಿನ ‘ಇಟರ್’. ಭಾರತವೂ ಪಾಲುದಾರ. 30 ಮೀಟರ್ ಎತ್ತರದ ಅದರ ಹೊರಕವಚದ ಭಾಗಗಳು ತಯಾರಾದದ್ದು ನಮ್ಮ ಗುಜರಾತಿನ ಹಜೀರಾದಲ್ಲಿ. 2016ಕ್ಕೆ ಶುರುವಾಗಬೇಕಿದ್ದ ಯಂತ್ರ ಅದು. 2024ರಲ್ಲಿ ಹೊಸ ವೇಳಾಪಟ್ಟಿ ಬಂತು, ನಿಜವಾದ ಇಂಧನ ಹಾಕೋದು 2039ಕ್ಕಂತೆ.

ಇಷ್ಟೆಲ್ಲ ಯಾಕೆ ಲೆಕ್ಕ ಹಾಕ್ತಿದೀನಿ ಅಂದ್ರೆ, ಧಾರವಾಡದಲ್ಲಿರೋ ಅಕ್ಕನ ಮಗಳು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಪಿಎಚ್‌ಡಿ ಮಾಡಿದರೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲೇ ಅಂತ ಹಟ ಹಿಡಿದಿದ್ದಾಳೆ. 1989ರಲ್ಲೇ ‘ಆದಿತ್ಯ’ ಟೋಕಮಾಕ್ ಶುರುವಾದ ಜಾಗ ಅದು. ಅಕ್ಕ ಫೋನಿನಲ್ಲಿ, “ಮುಗೀಲಾರದ ಕೆಲಸಕ್ಕ ಜನ್ಮಾ ಹಾಕ್ತೀನಿ ಅಂತಾಳಲ್ಲೋ ತಮ್ಮಾ, ನಿಮ್ಮ ಮುಂಬೈದಾಗ ಏನರೆ ನೌಕರಿ ನೋಡು” ಅಂದಳು.

ನಾನಂದೆ, “ವರ್ಷ ಹೇಳಿದವರ ಮಾತು ನಂಬಬ್ಯಾಡ ಅಕ್ಕಾ, ಅಳದು ತೋರ್ಸಿದವರನ್ನ ನಂಬು. ಒಂದೊಂದು ಯಂತ್ರ ಹಿಂದಿಂದಕ್ಕಿಂತ ಮುಂದ ಹೋಗೇದ. 2039ಕ್ಕ ನಾ ಎಪ್ಪತ್ತೈದು ದಾಟಿರ್ತೀನಿ, ಆಕಿಗೆ ನಲವತ್ತೂ ಆಗಿರೂದಿಲ್ಲ. ಕಳಸು.”

ಅಕ್ಕ ಇನ್ನೂ ಒಪ್ಪಿಲ್ಲ. ಹುಡುಗಿ ಅರ್ಜಿ ಹಾಕಿ ಆಗಿದೆ.