ಸುಮಾತ್ರದ ತೋಬಾ ಸರೋವರ

ನಮ್ಮ ಪೂರ್ವಿಕರು ಸುವರ್ಣದ್ವೀಪವೆಂದು ಕರೆದ ಸುಮಾತ್ರದ ಉತ್ತರಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,000 ಅಡಿಗಳ ಎತ್ತರದಲ್ಲಿ, ತೋಬಾ ಎಂಬ ಸರೋವರವುಂಟು. ಅದರ ಉದ್ದ ಸುಮಾರು 60 ಮೈಲಿ, ಅಗಲ 18 ಮೈಲಿ. ಆಳವಾದೆಡೆಯಲ್ಲಿ 1,600 ಅಡಿಗಳಿಗೂ ಮಿಗಿಲು. ಮೇಡಾನ್ ನಗರದಿಂದ ರಬ್ಬರು, ತಾಳೆಗಳ ತೋಟಗಳನ್ನು ದಾಟಿ ಬೆಟ್ಟವನ್ನೇರಿ ಬಂದ ಪ್ರಯಾಣಿಕನಿಗೆ ಪರಾಪತ್ ಊರಿನ ಬಳಿ ಈ ಜಲರಾಶಿಯು ಕಣ್ಣಿಗೆ ಬಿದ್ದಾಗ, ಸಮುದ್ರವೇ ಮಲೆಯ ಮೇಲಕ್ಕೆ ಬಂದಿತೋ ಎಂಬ ಭ್ರಾಂತಿಯಾಗುವುದು ಸಹಜ. ಉತ್ತರದ ತುದಿಯಲ್ಲಿ ಸಿಪಿಸೊಪಿಸೊ ಜಲಪಾತವು ಸುಮಾರು 400 ಅಡಿಗಳ ಎತ್ತರದಿಂದ ಒಂದೇ ಧಾರೆಯಾಗಿ ಧುಮುಕುತ್ತದೆ.

ಇಷ್ಟು ಶಾಂತವಾದ ನೀರಿನ ಹುಟ್ಟು ಮಾತ್ರ ಮಹಾಭಯಂಕರವಾದುದು. ಸುಮಾರು 74,000 ವರ್ಷಗಳ ಹಿಂದೆ ಇಲ್ಲಿಯ ಜ್ವಾಲಾಮುಖಿಯು ಸಿಡಿದು, ಭೂಗರ್ಭದ ಕರಗಿದ ಶಿಲೆಯೆಲ್ಲ ಹೊರಚಿಮ್ಮಿ, ಒಳಗೆ ಬರಿದಾದ ನೆಲದ ಚಾವಣಿಯು ಕುಸಿಯಿತು. ಆ ಕುಳಿಯಲ್ಲಿ ಮಳೆಯ ನೀರು ನಿಂತು ಸರೋವರವಾಯಿತು. ಅನಂತರ ಕೆಳಗಿನ ಶಿಲಾರಸವು ಮತ್ತೆ ಒತ್ತಿ, ಸರೋವರದ ತಳವನ್ನೇ ಮೇಲಕ್ಕೆತ್ತಿತು. ಅದೇ ನಡುವೆ ನಿಂತಿರುವ ಸಮೋಸಿರ್ ದ್ವೀಪ. ಅದರ ಗುಡ್ಡಗಳ ಮೇಲೆ ಇಂದಿಗೂ ಕೆರೆಯ ಹೂಳಿನ ಪದರಗಳು ಕಾಣಸಿಗುತ್ತವೆ. ಆ ದ್ವೀಪದ ಮೇಲೆ ಮತ್ತೊಂದು ಚಿಕ್ಕ ಕೆರೆ, ಸಿದಿಹೋನಿ!

ಆ ಸ್ಫೋಟದ ಬೂದಿ ನಮ್ಮ ದೇಶದವರೆಗೂ ಬಂದಿತು. 1,600 ಮೈಲಿಗಳಿಗೂ ದೂರದಲ್ಲಿರುವ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ (ಹೆಸರೂ ಎಷ್ಟು ಹೊಂದಿಕೆಯಾಗಿದೆ!) ಅದರ ಬಿಳಿಯ ಪದರವು ನೆಲದೊಳಗೆ ಸಿಕ್ಕಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರರೂ ವಿದೇಶದ ವಿದ್ವಾಂಸರೂ ಕೂಡಿ ಅಲ್ಲಿ ಉತ್ಖನನ ನಡೆಸಿ, ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳಿರುವುದನ್ನು 2007ರಲ್ಲಿ ಪ್ರಕಟಿಸಿದರು. ಆ ಪ್ರಳಯದಲ್ಲಿ ಮನುಷ್ಯಜಾತಿಯೇ ಬಹುಮಟ್ಟಿಗೆ ಅಳಿಯಿತೆಂಬ ವಾದಕ್ಕೆ ಇದರಿಂದ ಬಲವಾದ ಆಕ್ಷೇಪವುಂಟಾಯಿತು. ಆಕಾಶದಿಂದ ಬೂದಿ ಸುರಿದ ಮೇಲೂ ಯಾರೋ ಆ ಕಣಿವೆಯಲ್ಲಿ ಕಲ್ಲನ್ನು ಚಕ್ಕೆಯೆಬ್ಬಿಸಿ ಬಾಳಿದರೆಂಬುದು ಮನಸ್ಸಿಗೆ ಎಂತಹ ಧೈರ್ಯವನ್ನು ಕೊಡುತ್ತದೆ!

ದಡದ ಜನರು ಹೇಳುವ ಕಥೆ ಬೇರೆ. ಬೆಸ್ತನೊಬ್ಬನ ಬಲೆಗೆ ಬಿದ್ದ ಮೀನು ಸುಂದರಿಯಾಗಿ, ತನ್ನ ಮೂಲವನ್ನು ಯಾರಿಗೂ ಹೇಳಕೂಡದೆಂಬ ಕರಾರಿನ ಮೇಲೆ ಅವನನ್ನು ವರಿಸಿದಳಂತೆ. ಒಂದು ದಿನ ತಂದೆಯು ಸಿಟ್ಟಿನಿಂದ ಮಗನನ್ನು ‘ಮೀನಿನ ಮಗನೇ’ ಎಂದು ಬೈದನು. ಕೂಡಲೇ ನೆಲದಿಂದ ನೀರುಕ್ಕಿ ಊರು ಮುಳುಗಿತು. ಶಂತನುವನ್ನೂ ಗಂಗೆಯನ್ನೂ ಬಲ್ಲ ನಮ್ಮ ಮನೆಗಳ ಮಕ್ಕಳಿಗೆ ಈ ಕರಾರು ಹೊಸದೆನಿಸದು.

ಈ ಜನರು ಬಟಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಪಾದ್ರಿಗಳು ಬಂದಂದಿನಿಂದ ತೋಬಾ ಬಟಕರು ಬಹುತೇಕ ಕ್ರೈಸ್ತರಾದರೂ, ಅವರ ಹಳೆಯ ಮಾತುಗಳಲ್ಲಿ ನಮ್ಮ ದೇಶದ ನೆನಪು ಅಳಿಸಿಲ್ಲ. ದೇವರಿಗೆ ‘ದೆಬತಾ’ ಎನ್ನುವರು. ಅವರ ಹಳೆಯ ಪಂಚಾಂಗದ ವಾರಗಳು ಆರ್ತಿಯ, ಸುಮ, ಅಂಗಾರ, ಮುದ, ಬೊರಸ್ಪತಿ, ಸಿಂಗ್ಕೊರ, ಸಮಿಸರ. ಆದಿತ್ಯನಿಂದ ಶನೈಶ್ಚರನವರೆಗೆ ಒಬ್ಬನೂ ತಪ್ಪಿಲ್ಲ. ‘ದಾತು’ ಎಂಬ ಮಾಂತ್ರಿಕರು ಮರದ ತೊಗಟೆಯನ್ನು ಮಡಿಸಿ ಮಾಡಿದ ‘ಪುಸ್ತಹ’ಗಳಲ್ಲಿ ಮಂತ್ರ, ಶಕುನ, ಔಷಧಗಳನ್ನು ಬರೆದಿಡುತ್ತಿದ್ದರು, ಆ ಲಿಪಿಯೂ ನಮ್ಮದರಂತೆ ಬ್ರಾಹ್ಮಿಯ ಸಂತತಿಯೇ. ಒಂದೇ ಕುಲದವರು ತಮ್ಮೊಳಗೆ ವಿವಾಹವಾಗಕೂಡದೆಂಬುದು ನಮ್ಮ ಗೋತ್ರದ ನಿಯಮವನ್ನು ಹೋಲುತ್ತದೆ. ಉತ್ತರದ ಕಾರೋ ಬಟಕರಲ್ಲಿ ಚೋಲಿಯ, ಪಾಂಡಿಯ, ಬ್ರಹ್ಮಾಣ, ಮೆಲಿಯಾಲ ಎಂಬ ಕುಲಗಳೇ ಇವೆ.

ಇದೆಲ್ಲ ಹೇಗೆ ಬಂದಿತೆಂಬುದಕ್ಕೆ ಉತ್ತರದ ಒಂದು ಭಾಗ ನಮ್ಮ ದೇವರ ಮನೆಯಲ್ಲಿದೆ. ಸರೋವರಕ್ಕೆ ಪಶ್ಚಿಮದ ಕಡಲತೀರದಲ್ಲಿರುವ ಬಾರೂಸ್ ಎಂಬುದು ಹಿಂದೆ ಕರ್ಪೂರಕ್ಕೆ ಲೋಕಪ್ರಸಿದ್ಧವಾದ ರೇವು. ಅಲ್ಲಿ ದೊರೆತ 1088ನೆಯ ಇಸವಿಯ ತಮಿಳು ಶಾಸನವು ಐನೂರ್ವರೆಂಬ ವರ್ತಕಸಂಘದ್ದು. ಐನೂರ್ವರೆಂದರೆ ಯಾರು? ನಮ್ಮ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಅಯ್ಯಾವೊಳೆಯ ಐನೂರ್ವರೇ! ಮಲಪ್ರಭೆಯ ದಂಡೆಯ ಹೆಸರು ಕರ್ಪೂರದ ಪರಿಮಳವನ್ನರಸಿ ಕಡಲಾಚೆಗೆ ಹೋದುದು ಅಭಿಮಾನದ ಸಂಗತಿಯಲ್ಲವೇ?

ಸಮೋಸಿರ್‌ನ ತೊಮೊಕ್, ಅಂಬರಿತ ಮೊದಲಾದ ಊರುಗಳಲ್ಲಿ ಹಳೆಯ ಮನೆಗಳು ಉಳಿದಿವೆ. ಕಂಬಗಳ ಮೇಲೆ ನಿಂತು, ಜೀನಿನಂತೆ ನಡುಬಾಗಿದ ಮಾಡುಳ್ಳ ಈ ಮನೆಗಳ ಮುಖವೆಲ್ಲ ಕೆಂಪು, ಕಪ್ಪು, ಬಿಳುಪುಗಳ ಕೆತ್ತನೆ. ಬಾಗಿಲು ತಗ್ಗಾದುದರಿಂದ ಎಂತಹ ದೊಡ್ಡ ಮನುಷ್ಯನೂ ತಲೆಬಾಗಿಯೇ ಒಳಗೆ ಬರಬೇಕು. ಗೋಡೆಯ ಮೇಲೆ ಕೆತ್ತಿದ ಹಲ್ಲಿಯು ಭೂದೇವತೆಯ ರೂಪ. ಅದರ ಹೆಸರೂ ಬೊರಸ್ಪತಿಯೇ. ಬೃಹಸ್ಪತ್ಯಾಚಾರ್ಯರು ಇಲ್ಲಿಗೆ ಬಂದು ಹಲ್ಲಿಯಾದುದು ವಿಚಿತ್ರವೆನ್ನಬೇಕು.

ಗೃಹಿಣಿಯರು ನೋಡತಕ್ಕದ್ದೆಂದರೆ ‘ಉಲೋಸ್’ ಎಂಬ ಕೈಮಗ್ಗದ ವಸ್ತ್ರ. ಹೆಂಗಸರು ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಬಿಗಿದು, ನೆಲದ ಮೇಲೆ ಕುಳಿತು ಇದನ್ನು ನೇಯುವರು. ಮಗು ಹುಟ್ಟಿದಾಗ, ಮದುವೆಯಲ್ಲಿ, ಸಾವಿನಲ್ಲಿ, ಸಂಬಂಧಕ್ಕೆ ತಕ್ಕಂತೆ ಬೇರೆ ಬೇರೆ ಉಲೋಸನ್ನು ಹೊದಿಸುವುದುಂಟು. ಹೆಣ್ಣಿನ ಕಡೆಯವರು ವಧೂವರರಿಬ್ಬರನ್ನೂ ಒಂದೇ ವಸ್ತ್ರದಲ್ಲಿ ಸುತ್ತಿ ಹರಸುವ ಪದ್ಧತಿಯು ಬಹಳ ಸೊಗಸಾದುದು. ಅವರ ಅಡಿಗೆಯಲ್ಲಿ ಅಂದಲಿಮಾನ್ ಎಂಬ ಕಾಳು ಮುಖ್ಯ. ನಮ್ಮ ಮಲೆನಾಡಿನ ಜುಮ್ಮನಕಾಯಿಯ ಹತ್ತಿರದ ನಂಟ, ನಾಲಿಗೆಯನ್ನು ಹಾಗೆಯೇ ಜುಮ್ಮೆನಿಸುತ್ತದೆ.

ಈ ಪ್ರದೇಶವನ್ನು ಯುನೆಸ್ಕೋ ಸಂಸ್ಥೆಯು 2020ರಲ್ಲಿ ಜಾಗತಿಕ ಭೂ-ಉದ್ಯಾನವೆಂದು ಮನ್ನಿಸಿತು. ಆದರೆ ಸರೋವರದ ಆರೋಗ್ಯ ಕೆಟ್ಟಿದೆ. ನೀರಿನಲ್ಲಿ ತೇಲುವ ಬಲೆಯ ಪಂಜರಗಳಲ್ಲಿ ಮೀನು ಸಾಕುವ ಉದ್ಯೋಗವು ಮಿತಿಮೀರಿ, ಮೀನಿನ ಮೇವೂ ಮಲವೂ ತಳಕ್ಕಿಳಿದು ಕೊಳೆಯುತ್ತಿವೆ. 2016ರ ಮೇ ತಿಂಗಳಲ್ಲಿ ಹರಂಗಾವೊಲ್ ಎಂಬಲ್ಲಿ ಪ್ರಾಣವಾಯು ಸಾಲದೆ ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತು ತೇಲಿತು. ಹೊರಹರಿವು ಆಸಹಾನ್ ನದಿಯೊಂದೇ ಆದುದರಿಂದ, ಕೊಳೆತ ನೀರು ಬದಲಾಗಲು ದಶಕಗಳೇ ಬೇಕು. ಪಂಜರವನ್ನು ತೆಗೆಯಿರೆಂದರೆ ಅದನ್ನೇ ನಂಬಿದ ಬಡವನು ಏನುಣ್ಣಬೇಕು? ಆದರೆ ದೊಡ್ಡ ಬಂಡವಾಳದವರ ಪಂಜರಗಳ ವಿಷಯದಲ್ಲಿ ಈ ಕನಿಕರ ಅನಾವಶ್ಯಕ.

ದ್ವೀಪಕ್ಕೆ ದೋಣಿಯಲ್ಲಿ ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. 2018ರ ಜೂನ್ 18ರಂದು, ರಂಜಾನ್ ಹಬ್ಬದ ರಜೆಯಲ್ಲಿ, ಸಿಮನಿಂದೊದಿಂದ ತಿಗರಾಸ್‌ಗೆ ಹೊರಟ ‘ಸಿನಾರ್ ಬಾಂಗೂನ್’ ಎಂಬ ದೋಣಿಯು ಬಿರುಗಾಳಿಗೆ ಸಿಕ್ಕಿ ಮುಳುಗಿತು. ತಾಳುವಷ್ಟಕ್ಕಿಂತ ಹಲವು ಪಟ್ಟು ಜನರನ್ನು ತುಂಬಿದ್ದರು. 160ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ದೋಣಿಯು ಸುಮಾರು 1,500 ಅಡಿಗಳ ಆಳದಲ್ಲಿ ಕಂಡುಬಂದರೂ ಮೇಲೆತ್ತಲಾಗದೆ, ಅದನ್ನೂ ಅದರೊಳಗಿನವರನ್ನೂ ಅಲ್ಲಿಯೇ ಬಿಟ್ಟರು. ತಿಗರಾಸ್‌ನ ದಡದಲ್ಲಿ ಅವರ ಸ್ಮಾರಕವಿದೆ. ದೋಣಿಯೇರುವ ಮೊದಲು ಜನರ ಸಂಖ್ಯೆಯನ್ನೂ ತೇಲುಕವಚಗಳನ್ನೂ ನೋಡಿಕೊಳ್ಳತಕ್ಕದ್ದು. ಕಿಕ್ಕಿರಿದಿದ್ದರೆ ಮುಂದಿನ ದೋಣಿಗೆ ಕಾಯುವುದು ಲೇಸು.